ಆರನೇ ಫ್ಲಾಪಿಯಲ್ಲಿದ್ದ ಅಳಿಲು

ದೆವ್ವ, ಶಕುನ, ಮೈಮೇಲೆ ಬರುವುದು ಇವನ್ನೆಲ್ಲ ನಾನು ಯಾವತ್ತೂ ನಂಬಿದವನಲ್ಲ. ಅದಕ್ಕೆ ಒಳ್ಳೆಯ ಕಾರಣವೇ ಇತ್ತು. ನಮ್ಮ ಬೀದಿಯಲ್ಲಿ ಓಡಾಡುತ್ತಿದ್ದ ಅಂಥ ಕಥೆಗಳಲ್ಲಿ ಅರ್ಧವನ್ನು ಹುಟ್ಟಿಸಿದವನೇ ನಾನು. ಎಂಟನೇ ಕ್ಲಾಸಿನಲ್ಲಿದ್ದಾಗ ಹಾಳುಬಾವಿಯ ಹತ್ತಿರ ಬಿಳಿ ಸೀರೆಯವಳು ಕೂತು ತಲೆ ಬಾಚುತ್ತಾಳೆ ಅಂತ ಹಬ್ಬಿಸಿದೆ. ಎರಡು ತಿಂಗಳಾದ ಮೇಲೆ ಹಾಲಿನ ಡೈರಿ ಮುಂದೆ ಒಬ್ಬರು ಅದೇ ಕಥೆಯನ್ನು ಕಣ್ಣಾರೆ ಕಂಡವರಂತೆ ನನಗೇ ಹೇಳಿದರು. ಬಾಚಣಿಗೆ ಬೆಳ್ಳಿಯದು ಅನ್ನುವುದನ್ನೂ ಸೇರಿಸಿದ್ದರು. ನನಗೆ ಅದು ಹೊಳೆದೇ ಇರಲಿಲ್ಲವಲ್ಲ ಅಂತ ಹೊಟ್ಟೆಕಿಚ್ಚಾಯಿತು.

ಹೀಗಾಗಿ ದೊಡ್ಡಬಳ್ಳಾಪುರದಲ್ಲಿ ನನ್ನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. 'ಬುರುಡೆ' ಅಂದರೆ ಮನೆ ಬಾಗಿಲವರೆಗೂ ಕರೆದುಕೊಂಡು ಬಂದು ಬಿಡುತ್ತಾರೆ. ಈಗ ನನಗೆ ಹತ್ತೊಂಬತ್ತು. ಇದು ನಡೆದದ್ದು ಎರಡು ವರ್ಷದ ಹಿಂದೆ, ಒಂದು ಭಾನುವಾರ ಮಧ್ಯಾಹ್ನ, ಹಾಡುಹಗಲಲ್ಲಿ. ಎಲ್ಲಿ ಹಿಗ್ಗಿಸುತ್ತೇನೋ ಅಲ್ಲಿ ನಾನೇ ಹೇಳಿಬಿಡುತ್ತೇನೆ. ಹಾಗೆ ಹೇಳದೆ ಇದ್ದದ್ದನ್ನು ನಡೆದದ್ದು ಅಂತಲೇ ತಿಳಿಯಿರಿ.

ಅಪ್ಪ ರೇಷ್ಮೆ ಸೀರೆಯ ಅಂಚಿಗೆ ಚಿತ್ರ ಬರೆಯುತ್ತಿದ್ದ. ದೊಡ್ಡ ಗ್ರಾಫ್ ಕಾಗದ ಹಾಸಿಕೊಂಡು, ಸಾಸಿವೆ ಕಾಳಿನಷ್ಟು ಚಿಕ್ಕ ಚೌಕದ ಮನೆಗಳನ್ನು ಮೊದಲು ಪೆನ್ಸಿಲ್ಲಿನಲ್ಲಿ, ಆಮೇಲೆ ಕೆಂಪು ಮಸಿಯಲ್ಲಿ ಒಂದೊಂದಾಗಿ ತುಂಬುತ್ತಾ ಹೋದರೆ ಕೊನೆಗೆ ಅದು ನವಿಲೋ ಮಾವಿನಕಾಯಿಯೋ ಆಗಿ ಎದ್ದು ಕಾಣುತ್ತಿತ್ತು. ಆ ಕಾಗದವನ್ನು ನೋಡಿಕೊಂಡು ಅಪ್ಪನ ಜೊತೆಗಾರ ಪಾಪಣ್ಣ ಮಾಮ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯುತ್ತಿದ್ದರು. ಕಾರ್ಡುಗಳ ಸರ ಮಗ್ಗದ ಮೇಲೇರಿದರೆ ಯಾವ ಎಳೆ ಏಳಬೇಕು, ಯಾವುದು ಬೀಳಬೇಕು ಅಂತ ಮಗ್ಗಕ್ಕೆ ಅವೇ ಹೇಳಿಕೊಡುತ್ತವೆ.

ಅಪ್ಪನದೊಂದು ಪದ್ಧತಿ ಇತ್ತು. ಪ್ರತಿ ಚಿತ್ರದಲ್ಲೂ ತುಂಬಲೇಬೇಕಾದ ಒಂದು ಮನೆಯನ್ನು ಬೇಕೆಂದೇ ಖಾಲಿ ಬಿಡುತ್ತಿದ್ದ. ಗಿಳಿಯಾದರೆ ರೆಕ್ಕೆಯಲ್ಲಿ, ಆನೆಯಾದರೆ ಮೊಣಕಾಲಿನಲ್ಲಿ, ಒಂದೊಂದರಲ್ಲಿ ಒಂದೊಂದು ಕಡೆ. ಯಾಕೆ ಅಂತ ಚಿಕ್ಕವನಿದ್ದಾಗ ಕೇಳಿದ್ದೆ.

"ಮಗೂಗೆ ಕೆನ್ನೆ ಮೇಲೆ ದೃಷ್ಟಿ ಬೊಟ್ಟು ಇಡಲ್ವೇನ್ಲಾ? ಹಂಗೇ ಇದು. ಪೂರ್ತಿ ಚೆಂದಾಗಿದ್ರೆ ಕಣ್ಣು ಬೀಳ್ತದೆ."

"ಯಾವ ಮನೆ ಬಿಡ್ಬೇಕು ಅಂತ ಹೆಂಗ್ ಗೊತ್ತಾಗುತ್ತೆ?"

"ಕೈಗೆ ಗೊತ್ತಾಗ್ತದೆ."

ಆ ವರ್ಷ ಅಕ್ಕನ ಮದುವೆ ಮಾಘಕ್ಕೆ ಅಂತ ನಿಶ್ಚಯವಾಗಿತ್ತು. ಮುಹೂರ್ತದ ಸೀರೆಗೆ ಅಪ್ಪ ಹೊಸದೊಂದು ಅಂಚು ಶುರು ಮಾಡಿದ್ದ. ನಮ್ಮ ಹಿತ್ತಲಿನ ನುಗ್ಗೆಮರದಲ್ಲಿ ಒಂದು ಅಳಿಲಿತ್ತು. ಅಕ್ಕ ದಿನಾ ಕಡಲೆಕಾಯಿ ಸುಲಿದು ಇಟ್ಟರೆ ಇಳಿದು ಬರುತ್ತಿತ್ತು. ಅಪ್ಪ ಬರೆಯುತ್ತಿದ್ದದ್ದು ಅದನ್ನೇ. ನುಗ್ಗೆ ಕೊಂಬೆ, ಎಲೆ, ಮೇಲೆತ್ತಿದ ಬಾಲ, ಬೆನ್ನ ಮೇಲಿನ ಮೂರು ಗೆರೆ. ಕುತ್ತಿಗೆಯವರೆಗೆ ಬಂದಿತ್ತು. ಒಂದು ಬೆಳಗ್ಗೆ ಪೆನ್ಸಿಲ್ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದ ಅಪ್ಪನೂ ಬಿದ್ದ. ಲಕ್ವ. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು.

ನಾಲ್ಕು ತಿಂಗಳು ಅಪ್ಪ ಗೋಡೆ ಪಕ್ಕದ ಮಂಚದಲ್ಲಿ ಮಲಗಿ ಆ ತಲೆಯಿಲ್ಲದ ಅಳಿಲನ್ನೇ ನೋಡುತ್ತಿದ್ದ. ಕಾಗದವನ್ನು ಎದುರಿನ ಗೋಡೆಗೆ ಅಂಟಿಸದಿದ್ದರೆ ಊಟ ಮಾಡುತ್ತಿರಲಿಲ್ಲ. ಪಾಪಣ್ಣ ಮಾಮ ಬೇರೆ ಹಾಳೆಯಲ್ಲಿ ಒಂದು ತಲೆ ಬರೆದು ತಂದು ತೋರಿಸಿದರು. ಅಪ್ಪ ನೋಡಿ ಗೋಡೆ ಕಡೆ ತಿರುಗಿಕೊಂಡ. ಇನ್ನೊಂದು ತಂದರು, ಅದಕ್ಕೂ ಅಷ್ಟೇ. ಮೂರನೆಯದು ಮುಂಗುಸಿಯ ಥರ ಇತ್ತು. ಅದನ್ನು ನೋಡಿ ಅಪ್ಪನ ಕಣ್ಣಲ್ಲಿ ನೀರು ಬಂತು. ನಗುವೋ ಅಳುವೋ ತಿಳಿಯಲಿಲ್ಲ. ಮುಖ ಎರಡನ್ನೂ ಒಂದೇ ಥರ ತೋರಿಸುತ್ತಿತ್ತು.

"ಅವ್ನ ತಲೇಲಿ ಒಂದಿದೆ ಕಣಮ್ಮಾ," ಅಂತ ಮಾಮ ಅಮ್ಮನಿಗೆ ಹೇಳಿದರು. "ಅದು ಬಿಟ್ಟು ಬೇರೇದು ಒಪ್ಪಾಕಿಲ್ಲ. ಅದನ್ನ ತೆಗೆಯೋದು ಹೆಂಗೆ?"

ಡಾಕ್ಟರು ಅಷ್ಟು ಹೊತ್ತಿಗೆ ಅಮ್ಮನನ್ನು ಹೊರಗೆ ಕರೆದು ಮಾತಾಡಿದ್ದರು. ಹೆಚ್ಚು ದಿನ ಇಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಳಿಲಿಗೆ ತಲೆ ಬಂದದ್ದನ್ನು ನೋಡಿ ಅಪ್ಪ ಕಣ್ಣು ಮುಚ್ಚಲಿ ಅನ್ನುವುದೊಂದೇ ನಮಗೆ ಉಳಿದಿದ್ದ ಆಸೆ.

ಇಂಥ ಹೊತ್ತಿನಲ್ಲಿ ಬಾಯಿ ಹಾಕದೆ ಇದ್ದರೆ ನಾನು ಬುರುಡೆ ಹೇಗಾದೇನು? ನಾನಾಗ ಬೆಂಗಳೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮಲ್ಲೇಶ್ವರದಲ್ಲಿ ಹೊಸದಾಗಿ ಇಂಟರ್ನೆಟ್ ಅಂಗಡಿ ತೆರೆದಿತ್ತು. ಅಲ್ಲಿ ನೇಯ್ಗೆಯ ಗ್ರಾಫ್ ಬರೆಯುವ ಒಂದು ಪ್ರೋಗ್ರಾಮು ಬಿಟ್ಟಿಯಾಗಿ ಸಿಗುವುದನ್ನು ಕಂಡಿದ್ದೆ. ಅದು ಚೌಕ ತುಂಬುತ್ತದೆ, ಅಳಿಸುತ್ತದೆ, ಅಷ್ಟೇ. ಮನೆಯಲ್ಲಿ ಮಾತ್ರ ಹೀಗೆ ಹೇಳಿದೆ: "ಅರ್ಧ ಚಿತ್ರ ಕೊಟ್ರೆ ಸಾಕು, ಉಳಿದರ್ಧ ಅದೇ ಕಂಡುಹಿಡಿದು ಬರೆಯುತ್ತೆ. ಬರೆಯೋರ ಕೈಚಳಕ ಹೆಂಗಿದೆ ಅಂತ ಲೆಕ್ಕ ಹಾಕುತ್ತೆ. ಅಮೆರಿಕದಲ್ಲಿ ಹಂಗೇ ಮಾಡೋದು."

ಅಮ್ಮ ನಂಬಿದಳು. ಅಕ್ಕ ನಂಬಲಿಲ್ಲ. ಅಪ್ಪ ತಲೆ ತಿರುಗಿಸಿ ನನ್ನನ್ನು ನೋಡಿದ. ಬಹಳ ದಿನದ ಮೇಲೆ ಅವನ ಕಣ್ಣಲ್ಲಿ ಏನೋ ಆಡಿತು. ಅಷ್ಟಾದ ಮೇಲೆ ಹಿಂದೆ ಸರಿಯುವಂತಿರಲಿಲ್ಲ.

ಈ ಕಷ್ಟ ಗೊತ್ತಿಲ್ಲದವರಿಗೆ ಒಂದು ಮಾತು. ದೊಡ್ಡ ಫೈಲು ಅಂಗೈಯಗಲದ ಒಂದು ಫ್ಲಾಪಿ ಡಿಸ್ಕಿನಲ್ಲಿ ಹಿಡಿಸುವುದಿಲ್ಲ. ಅದನ್ನು ಹಾಸಿಗೆ ಸುತ್ತಿ ಕಟ್ಟುವ ಹಾಗೆ ಒತ್ತಿ ಚಿಕ್ಕದು ಮಾಡಿ, ತುಂಡು ತುಂಡು ಮಾಡಿ ಇಂಟರ್ನೆಟ್ಟಿನಲ್ಲಿ ಇಟ್ಟಿರುತ್ತಾರೆ. ನನ್ನದು ಎಂಟು ತುಂಡು. ಒಂದೊಂದನ್ನು ಒಂದೊಂದು ಫ್ಲಾಪಿಗೆ ಇಳಿಸಿಕೊಂಡು ಬಂದು, ಕ್ರಮವಾಗಿ ಹಾಕುತ್ತಾ ಹೋದರೆ ಕಂಪ್ಯೂಟರು ಎಲ್ಲವನ್ನೂ ಸೇರಿಸಿ ಗಂಟು ಬಿಚ್ಚುತ್ತದೆ. ಒಂದು ತುಂಡು ಇಲ್ಲದಿದ್ದರೂ ಉಳಿದ ಏಳೂ ದಂಡ. ಇಂಟರ್ನೆಟ್ ಬರುವ ಫೋನ್ ಲೈನು ಪದೇ ಪದೇ ಕಡಿದುಹೋಗುತ್ತಿತ್ತು. ಎಂಟು ತುಂಡು ಇಳಿಸಲು ನನಗೆ ಆರು ತಿಂಗಳು ಹಿಡಿಯಿತು. ಸರಿ, ಎರಡು ವಾರ.

ಕೊನೆಯ ದಿನ ಬಸ್ಸಿನಲ್ಲಿ ಐನೂರು ಜನ ಇದ್ದರು. ನಿಜಕ್ಕೆ ನೂರು. ಡ್ರೈವರ್ ಪಕ್ಕದ ಎಂಜಿನ್ ಬಾನೆಟ್ಟಿನ ಮೇಲೆ ಕೂತು, ಪಕ್ಕದವರಿಗೆ ಫ್ಲಾಪಿಗಳನ್ನು ಇಸ್ಪೀಟಿನ ಹಾಗೆ ಹರಡಿ ತೋರಿಸುತ್ತಿದ್ದೆ. ಒಬ್ಬರು "ಇದ್ರಲ್ಲಿ ಏನೈತಪ್ಪಾ?" ಅಂದದ್ದಕ್ಕೆ "ಒಂದು ಮಗ್ಗ ಐತೆ" ಅಂದೆ. ಎಲ್ಲರೂ ನಕ್ಕರು. ನಾನು ಇನ್ನಷ್ಟು ಉಬ್ಬಿದೆ. ರಾಜಾನುಕುಂಟೆ ಹತ್ತಿರ ಎತ್ತಿಕೊಳ್ಳುವಾಗ ನೋಡುತ್ತೇನೆ, ಆರನೆಯದು ನನ್ನ ತೊಡೆಯ ಕೆಳಗೆ ಸಿಕ್ಕಿ, ಬಾನೆಟ್ಟಿನ ಕಾವಿಗೆ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಯಾರಿಗೂ ಕಾಣದಂತೆ ಕಿಟಕಿಯಿಂದ ಆಚೆ ಎಸೆದೆ.

ಮಾರನೆಯ ದಿನ ಅದೊಂದನ್ನು ಮತ್ತೆ ಇಳಿಸಿಕೊಳ್ಳೋಣ ಅಂತ ಹೋದರೆ ಆ ಪುಟವೇ ಇರಲಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ.

ಮನೆಯಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಹೊಸದೊಂದು ಖಾಲಿ ಫ್ಲಾಪಿಗೆ '೬' ಅಂತ ಚೀಟಿ ಅಂಟಿಸಿ ಉಳಿದವುಗಳ ಜೊತೆ ಸೇರಿಸಿದೆ. ನನ್ನ ಉಪಾಯ ಸರಳವಾಗಿತ್ತು. ಎಲ್ಲರೆದುರು ಫ್ಲಾಪಿ ಹಾಕುವುದು, ಆರನೆಯದಕ್ಕೆ ಕಂಪ್ಯೂಟರು ನಿಂತುಹೋದಾಗ ಮುನಿರಾಜಣ್ಣನ ಕಂಪ್ಯೂಟರೇ ಸರಿಯಿಲ್ಲ ಅನ್ನುವುದು. ಮುನಿರಾಜಣ್ಣ ಸೈಕಲ್ ಶಾಪಿನ ಮೇಲಿನ ಮಹಡಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ನಮ್ಮ ಮನೆಯಿಂದ ಎರಡು ಬೀದಿ ದೂರ.

ಆ ಭಾನುವಾರ ಅವನು ಕೀ ಕೊಟ್ಟು, "ಲೇ ಬುರುಡೆ, ಊಟಕ್ಕೋಗಿ ಬರ್ತೀನಿ. ಒಳಗಿರೋದೇನೂ ಕೆಡಿಸ್ಬೇಡ ಕಣೋ," ಅಂದ. ಮೊದಲು ಒಬ್ಬನೇ ಒಂದು ಸಲ ಹಾಕಿ ನೋಡೋಣ, ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅಂತ ತಿಳಿದಿದ್ದರೆ ನಾಟಕ ಆಡಲು ಸಲೀಸು ಅಂತ ಕೂತೆ.

ಇಲ್ಲಿಂದ ನಾನು ಏನನ್ನೂ ಹಿಗ್ಗಿಸುವುದಿಲ್ಲ.

ಒಂದನೇ ಫ್ಲಾಪಿ ಹಾಕಿದೆ. ಗುರ್ ಗುರ್ ಅಂತ ಓದಿಕೊಂಡು, ಎರಡನೆಯದನ್ನು ಹಾಕು ಅಂತು. ಎರಡು, ಮೂರು, ನಾಲ್ಕು, ಐದು. ಆರನೆಯದನ್ನು ಹಾಕು ಅಂತು. ಖಾಲಿ ಫ್ಲಾಪಿ ಹಾಕಿದೆ. ಅದು ಓದತೊಡಗಿತು. ಬೇರೆಯವುಗಳಿಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ತಪ್ಪಾಗಿ ಬೇರೆ ಫ್ಲಾಪಿ ಹಾಕಿದೆನೇನೋ ಅಂತ ನೋಡಿದೆ. ಉಳಿದ ಏಳೂ ಮೇಜಿನ ಮೇಲೆ ಸಾಲಾಗಿದ್ದವು. ಆಮೇಲೆ ಏಳನೆಯದನ್ನು ಹಾಕು ಅಂತು. ಹಾಕಿದೆ. ಎಂಟನೆಯದನ್ನೂ ಹಾಕಿದೆ. ಗಂಟು ಬಿಚ್ಚಿಕೊಂಡಿತು.

ಪ್ರೋಗ್ರಾಮಿನ ಜೊತೆ ಹತ್ತಿಪ್ಪತ್ತು ಮಾದರಿ ಚಿತ್ರಗಳಿದ್ದವು. ಜಿಂಕೆ, ನಕ್ಷತ್ರ, ಹಿಮದ ಹೂವು, ಎಲ್ಲ ಹೊರದೇಶದವು. ಪಟ್ಟಿಯ ಕೊನೆಯಲ್ಲಿ ಹೆಸರಿಲ್ಲದ ಒಂದಿತ್ತು. ತೆರೆದೆ.

ನುಗ್ಗೆ ಕೊಂಬೆಯ ಮೇಲೆ ಅಳಿಲು ಕೂತಿತ್ತು. ಹೊರದೇಶದಲ್ಲೂ ಅಳಿಲು ಇರುತ್ತದಲ್ಲ ಅಂತ ನೀವು ಹೇಳಬಹುದು. ನಾನೂ ಅದನ್ನೇ ಹೇಳಿಕೊಂಡೆ. ಆದರೆ ಅದರ ಬೆನ್ನ ಮೇಲೆ ಮೂರು ಗೆರೆ ಇದ್ದವು. ಬಾಲದ ತುದಿಯಲ್ಲಿ ಹನ್ನೊಂದು ಚೌಕ. ನಾಲ್ಕು ತಿಂಗಳು ಮನೆಯ ಗೋಡೆಯ ಮೇಲೆ ಆ ಬಾಲವನ್ನು ನೋಡಿ ನೋಡಿ ನನಗೆ ಲೆಕ್ಕ ಬಾಯಿಪಾಠವಾಗಿತ್ತು. ಅಪ್ಪನ ಕಾಗದ ಯಾವತ್ತೂ ಮನೆ ಬಿಟ್ಟು ಹೊರಗೆ ಹೋಗಿರಲಿಲ್ಲ.

ಇದಕ್ಕೆ ತಲೆಯೂ ಇತ್ತು. ಯಾರೋ ಹಿಂದಿನಿಂದ ಕರೆದ ಹಾಗೆ ಅದು ಕುತ್ತಿಗೆ ತಿರುಗಿಸಿ ಹಿಂದಕ್ಕೆ ನೋಡುತ್ತಿತ್ತು. ಪಾಪಣ್ಣ ಮಾಮನ ಮೂರು ತಲೆಗಳೂ ಮುಂದಕ್ಕೆ ನೋಡುತ್ತಿದ್ದವು. ಹಿಂದಕ್ಕೆ ತಿರುಗಿಸಬಹುದು ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ. ಕಿವಿಯ ಬುಡದಲ್ಲಿ, ಎರಡನೇ ಸಾಲಿನಲ್ಲಿ, ಒಂದು ಚೌಕ ಖಾಲಿ ಇತ್ತು.

ಆಗ ಏನು ಮಾಡಬೇಕಿತ್ತು? ಒಂದು ಕಾಗದ ತೆಗೆದುಕೊಂಡು ನೋಡಿ ಬರೆದುಕೊಳ್ಳಬೇಕಿತ್ತು. ನನ್ನ ಬುದ್ಧಿ ಹೋದದ್ದು ಬೇರೆ ಕಡೆಗೆ. ಎಲ್ಲರೂ ನೋಡಬೇಕು, ಅಕ್ಕ ನೋಡಬೇಕು, ನೋಡಿ ಬಾಯಿ ಮುಚ್ಚಬೇಕು ಅಂತ. ಹಾಗೇ ಬಿಟ್ಟು ಮೆಟ್ಟಿಲು ಇಳಿದು ಓಡಿದೆ.

"ಬಂತು! ತಲೆ ಬಂತು! ಕಂಪ್ಯೂಟರ್ ಬರೆದ್ಬಿಡ್ತು!" ಅಂತ ಬೀದಿಯಿಂದಲೇ ಕೂಗಿದೆ. ಅಕ್ಕ ಬಾಗಿಲಲ್ಲೇ ತಡೆದು, "ಅಪ್ಪನ ಮುಂದೆ ಬೇಡ ಕಣೋ, ಕೈ ಮುಗೀತೀನಿ," ಅಂದಳು. ಅಷ್ಟರಲ್ಲಿ ಅಪ್ಪ ಎಡಗೈಯನ್ನು ಮಂಚಕ್ಕೆ ಊರಿ ಏಳಲು ಶುರು ಮಾಡಿದ್ದ. ನಾಲ್ಕು ತಿಂಗಳಲ್ಲಿ ಅವನು ತಾನಾಗಿ ಎದ್ದು ಕೂತದ್ದು ಅದೇ ಮೊದಲು.

ಪಾಪಣ್ಣ ಮಾಮ ಬಂದರು. ಊಟ ಮುಗಿಸಿ ಬರುತ್ತಿದ್ದ ಮುನಿರಾಜಣ್ಣನೂ ಸಿಕ್ಕಿದ. ಅಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರೂ ಎರಡು ಬೀದಿ ಹೊತ್ತರು. ಸೈಕಲ್ ಶಾಪಿನ ಆ ಇಕ್ಕಟ್ಟು ಮೆಟ್ಟಿಲುಗಳ ಮೇಲೆ ಕುರ್ಚಿ ಎರಡು ಕಡೆ ಗೋಡೆಗೆ ಉಜ್ಜಿತು. ಅಮ್ಮ ಹಿಂದಿನಿಂದ ಅಪ್ಪನ ಸೋತ ಕಾಲು ಹಿಡಿದುಕೊಂಡಿದ್ದಳು, ಅವಳ ಹಿಂದೆ ಅಕ್ಕ. ಒಳಗೆ ಹೋದರೆ ಫ್ಯಾನು ನಿಂತಿತ್ತು. ಪರದೆ ಕಪ್ಪಾಗಿತ್ತು. ಕರೆಂಟು ಹೋಗಿತ್ತು.

ಆ ಸೆಖೆಯಲ್ಲಿ ಒಂದೂವರೆ ಗಂಟೆ ಕಾದೆವು. ಅಪ್ಪ ಕಪ್ಪು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕರೆಂಟು ಬಂದಾಗ ನಾನು ಹುಡುಕಿದೆ, ಏನೂ ಇರಲಿಲ್ಲ.

"ಶುರುವಾಗೋವಾಗ ಹುಡುಗ್ರು ಬಿಟ್ಟೋದ ಕಸಾನೆಲ್ಲ ಅಳಿಸ್ಲಿ ಅಂತ ನಾನೇ ಮಾಡಿಟ್ಟಿದ್ದೀನಿ," ಅಂದ ಮುನಿರಾಜಣ್ಣ. "ಇನ್ನೊಂದ್ಸಲ ಹಾಕು ಗುರು, ಫ್ಲಾಪಿ ಇದಾವಲ್ಲ."

ಹಾಕಿದೆ. ಐದರವರೆಗೆ ಹೋಯಿತು. ಆರನೆಯದನ್ನು ಹಾಕು ಅಂತು. ಹಾಕಿದೆ. ಆರನೆಯದನ್ನು ಹಾಕು ಅಂತು. ತೆಗೆದು, ಊದಿ, ಅಂಗಿಗೆ ಒರೆಸಿ ಹಾಕಿದೆ. ಆರನೆಯದನ್ನು ಹಾಕು ಅಂತು. ಎಷ್ಟು ಸಲ ಹಾಕಿದೆನೋ ಲೆಕ್ಕವಿಲ್ಲ. ಮುನಿರಾಜಣ್ಣ ನನ್ನ ಕೈಯಿಂದ ತೆಗೆದುಕೊಂಡು ತೆರೆದು ನೋಡಿದ.

"ಇದು ಖಾಲಿ ಫ್ಲಾಪಿ ಕಣೋ. ಇದ್ರಲ್ಲಿ ಯಾವತ್ತೂ ಏನೂ ಇರ್ಲಿಲ್ಲ."

"ಗೊತ್ತು," ಅಂದೆ. ಬಾಯಿಂದ ಬಂದುಬಿಟ್ಟಿತು. ಬಸ್ಸು, ಬಾನೆಟ್ಟು, ಚೀಟಿ, ಎಲ್ಲ ಹೇಳಿದೆ. "ಆದ್ರೂ ಓದ್ತು. ದೇವ್ರಾಣೆ ಓದ್ತು. ಅಳಿಲು ಹಿಂದಕ್ಕೆ ತಿರುಗಿತ್ತು. ನಾನು ನೋಡ್ದೆ ಅಕ್ಕ."

ಅಕ್ಕ ಅಳುತ್ತಿರಲಿಲ್ಲ. ಬಹಳ ಮೆತ್ತಗೆ ಮಾತಾಡಿದಳು. "ಜನ್ಮದಲ್ಲಿ ಒಂದ್ಸಲ, ಅಪ್ಪನ ಮುಂದೆ ಒಂದೇ ಒಂದ್ಸಲ ನಿಜ ಹೇಳು. ಏನಾದ್ರೂ ಕಂಡಿತ್ತಾ?"

ಅಪ್ಪ ನನ್ನನ್ನು ನೋಡುತ್ತಿದ್ದ. ನಾನು ಅವನ ಮುಖ ನೋಡಲಾರದೆ ಹೋದೆ. ಕಂಡಿತ್ತು ಅಂದರೆ ಎಲ್ಲರೂ ಇನ್ನಷ್ಟು ಹೊತ್ತು ಆ ಸೆಖೆಯಲ್ಲಿ ಕೂರಬೇಕಾಗುತ್ತಿತ್ತು.

"ಇಲ್ಲ ಅಕ್ಕ," ಅಂದೆ. "ಸುಳ್ಳು ಹೇಳ್ದೆ."

ಅಪ್ಪ ಕಣ್ಣು ಮುಚ್ಚಿಕೊಂಡ. ಹತ್ತಿಸುವುದಕ್ಕಿಂತ ಇಳಿಸುವುದು ಕಷ್ಟವಾಯಿತು. ಯಾರೂ ನನ್ನನ್ನು ಬೈಯಲಿಲ್ಲ. ಪಾಪಣ್ಣ ಮಾಮ ಮಾತ್ರ ಕುರ್ಚಿ ಇಳಿಸಿ, ಬೆವರು ಒರೆಸಿಕೊಂಡು, "ಒಂದ್ ಬುರುಡೇಗೆ ನಿಮ್ಮಪ್ಪನ್ನ ಮಹಡಿ ಹತ್ಸಿದ್ಯಲ್ಲೋ," ಅಂದು ಹೊರಟುಹೋದರು.

ಆ ಸಂಜೆ ಮೂಲೆಯಲ್ಲಿ ಗ್ರಾಫ್ ಕಾಗದ ಹಾಸಿಕೊಂಡು ಕೂತೆ. ನನಗೆ ಚಿತ್ರ ಬರೆಯಲು ಬರುವುದಿಲ್ಲ. ಇದೊಂದನ್ನು ಮಾತ್ರ ಕಣ್ಣು ಮುಚ್ಚಿದರೆ ಮನೆ ಮನೆಯಾಗಿ ಕಾಣುತ್ತಿತ್ತು. ಪೆನ್ಸಿಲ್ಲಿನಲ್ಲಿ ತುಂಬುತ್ತಾ ಹೋದೆ. ಕಿವಿಯ ಬುಡಕ್ಕೆ ಬಂದಾಗ ಕೈ ನಿಂತಿತು. ಎರಡನೇ ಸಾಲಿನ ಆ ಚೌಕವನ್ನೂ ತುಂಬಿಬಿಟ್ಟೆ. ಒಂದೂ ಖಾಲಿ ಬಿಡಲಿಲ್ಲ. ಕಳ್ಳಬುದ್ಧಿ ಅನ್ನಿ, ಪರೀಕ್ಷೆ ಅನ್ನಿ.

ಅಪ್ಪನ ಎದುರು ಹಿಡಿದೆ. ಗೋಡೆ ಕಡೆ ತಿರುಗಲಿಲ್ಲ. ತುಂಬಾ ಹೊತ್ತು ನೋಡಿದ. ಆಮೇಲೆ ಎಡಗೈ ಚಾಚಿ ಹಾಸಿಗೆಯ ಮೇಲೆ ತಡವಿದ. ರಬ್ಬರು ಕೊಟ್ಟೆ. ಅದನ್ನು ಹಿಡಿದು ಕಾಗದದ ಮೇಲೆ ತಂದ. ಮೊದಲ ಸಲ ಜಾರಿತು. ಎರಡನೇ ಸಲ ಮೂಲೆಯನ್ನು ಊರಿ ಮೆಲ್ಲಗೆ ಉಜ್ಜಿದ. ಕಿವಿಯ ಬುಡದಲ್ಲಿ, ಎರಡನೇ ಸಾಲಿನಲ್ಲಿ, ಅದೇ ಒಂದು ಚೌಕವನ್ನು.

"ಅಪ್ಪ, ನಿಂಗೆ ಹೆಂಗೆ..." ಅಂದೆ. ಅವನು ನನ್ನ ಮುಖ ನೋಡಿದ. ತುಟಿ ಅಲುಗಿತು. ಏನೋ ಹೇಳಲು ಹೊರಟಿದ್ದ, ನಾಲಿಗೆ ಹೊರಳಲಿಲ್ಲ. ನಾನು ಕೇಳಬೇಕಾಗಿದ್ದದ್ದೂ ಅವನು ಹೇಳಬೇಕಾಗಿದ್ದದ್ದೂ ಅಲ್ಲೇ ನಿಂತುಹೋದವು.

ಅಕ್ಕ ಬಂದು ಕಾಗದ ನೋಡಿ ದಂಗಾದಳು. "ಇಷ್ಟು ಚೆನ್ನಾಗ್ ಬರೆಯೋಕೆ ಬರ್ತಿತ್ತಲ್ಲೋ. ಮತ್ತೆ ಅಪ್ಪನ್ನ ಅಷ್ಟು ದೂರ ಹೊರ್ಸೋ ನಾಟಕ ಯಾಕಾಡ್ದೆ?"

"ನಾನಲ್ಲ ಬರ್ದಿದ್ದು," ಅಂದೆ. ಹುಟ್ಟಿದಾಗಿನಿಂದ ಮಾಡದ ಕೆಲಸಕ್ಕೆಲ್ಲ ಹೆಸರು ಹೇಳಿಸಿಕೊಂಡವನು ನಾನು. ಈ ಒಂದು ಹೆಸರು ಬೇಡ ಅಂದರೆ ಯಾರೂ ವಾಪಸ್ಸು ತೆಗೆದುಕೊಳ್ಳಲಿಲ್ಲ.

ಕಾರ್ಡು ಹೊಡೆದು, ಸರ ಕಟ್ಟಿ, ಮಗ್ಗಕ್ಕೇರಿಸಿ, ಒಂದು ಗೇಣು ಅಂಚು ನೇಯುವಷ್ಟರಲ್ಲಿ ಅಪ್ಪ ಹೋದ. ಬಟ್ಟೆಯ ಮೇಲೆ ಅಳಿಲನ್ನು ಅವನು ನೋಡಲಿಲ್ಲ. ಮದುವೆ ಮುಂದಕ್ಕೆ ಹೋಗಿ ಮರುವರ್ಷ ನಡೆಯಿತು. ಸಾವಿನ ಹೊತ್ತಿನಲ್ಲಿ ಮಗ್ಗದಲ್ಲಿದ್ದ ಸೀರೆ ಮುಹೂರ್ತಕ್ಕೆ ಬೇಡ ಅಂದಳು ಅಮ್ಮ. ಅಕ್ಕ ಬೇರೆ ಸೀರೆ ಉಟ್ಟಳು. ಅಳಿಲಿನ ಸೀರೆ ಇವತ್ತಿಗೂ ಯಾರೂ ಉಡದೆ ಟ್ರಂಕಿನಲ್ಲಿದೆ.

ಆರನೇ ಫ್ಲಾಪಿ ನನ್ನ ಹತ್ತಿರ ಇದೆ. ಎಷ್ಟೋ ಕಂಪ್ಯೂಟರಿಗೆ ಹಾಕಿದ್ದೇನೆ. ಖಾಲಿ. ಖಾಲಿ ಫ್ಲಾಪಿ ಹೇಗೆ ಓದಿತು, ನಮ್ಮ ಹಿತ್ತಲಿನ ಅಳಿಲು ಅದರೊಳಗೆ ಹೇಗೆ ಹೋಯಿತು, ನಾನು ತೆರೆದ ಆ ಹತ್ತು ನಿಮಿಷ ಬಿಟ್ಟು ಮತ್ತೆ ಯಾಕೆ ಬರಲಿಲ್ಲ, ಯೋಚಿಸಿ ಯೋಚಿಸಿ ಸಾಕಾಗಿದೆ. ಅಪ್ಪ ಯಾವುದೋ ಒಂದು ಮನೆಯನ್ನು ಅಳಿಸಲೇಬೇಕಿತ್ತು, ಅದು ಕಿವಿಯ ಬುಡದ್ದೇ ಆಗಿದ್ದು ಆಕಸ್ಮಿಕ ಅಂತಲೂ ಹೇಳಿಕೊಂಡಿದ್ದೇನೆ. ಹೇಳಿಕೊಂಡಾಗಲೆಲ್ಲ ಆ ರಬ್ಬರು ಮೊದಲ ಸಲ ಜಾರಿ ಮತ್ತೆ ಅಲ್ಲಿಗೇ ಬಂದದ್ದು ಕಣ್ಣಿಗೆ ಬರುತ್ತದೆ.

ಹೋದ ತಿಂಗಳು ಅಕ್ಕ ತವರಿಗೆ ಬಂದಿದ್ದಳು. ಟ್ರಂಕು ತೆಗೆದು ಸೀರೆಯ ಅಂಚನ್ನು ಬೆರಳಿನಿಂದ ಸವರುತ್ತಾ ಕೂತಿದ್ದಳು. "ಈಗ ಅಪ್ಪಾನೂ ಇಲ್ಲ, ಯಾರೂ ಬೈಯಲ್ಲ," ಅಂದಳು. "ಹೇಳೋ, ಅವತ್ತು ನಿಜವಾಗ್ಲೂ ಕಂಡಿತ್ತಾ?"

ಹಿಂದಕ್ಕೆ ತಿರುಗಿದ್ದ ಆ ತಲೆಯನ್ನೂ, ಅಂಚಿನುದ್ದಕ್ಕೂ ಪ್ರತಿ ಅಳಿಲಿನ ಕಿವಿಯ ಬುಡದಲ್ಲಿ ಬಿಟ್ಟುಹೋದ ಆ ಒಂದೊಂದು ಎಳೆಯನ್ನೂ ನೋಡಿದೆ.

"ಇಲ್ಲ ಅಕ್ಕ, ಸುಳ್ಳು," ಅಂದೆ.

ಅವಳು ನಂಬಿದಳು.